ಕಡಕ್ ರೊಟ್ಟಿ ಮೆತ್ತಗಾಗುವ ಊರು

ಕೆರಾಡಿಗೆ ಬಂದ ಮೂರನೆಯ ದಿನ ಬೆಳಿಗ್ಗೆ ಬುಟ್ಟಿಯಿಂದ ಒಂದು ಕಡಕ್ ರೊಟ್ಟಿ ತೆಗೆದು ಮುರಿಯಲು ಹೋದೆ. ಅದು ಮುರಿಯಲಿಲ್ಲ. ಸದ್ದೇ ಮಾಡದೆ ಕರವಸ್ತ್ರದ ಹಾಗೆ ಮಡಚಿಕೊಂಡಿತು. ಇನ್ನೊಂದು ತೆಗೆದೆ, ಅದೂ ಅಷ್ಟೆ. ವಿಜಯಪುರದ ಕಡೆಯವರಾದ ನಿಮಗೆ ಇದನ್ನು ಹೇಗೆ ನಂಬಿಸಲಿ? ನಮ್ಮಲ್ಲಿ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಬುಟ್ಟಿಯಲ್ಲಿ ಕುಳಿತಿರುತ್ತದೆ. ಮೇಲೊಂದು ಧೋತರದ ತುಂಡು ಹೊದಿಸಿದರೆ ಅದರ ಯೋಗಕ್ಷೇಮ ಮುಗಿಯಿತು. ಮುರಿದರೆ ಪಕ್ಕದ ಮನೆಗೆ ಕೇಳುತ್ತದೆ. ಅದೇ ರೊಟ್ಟಿ, ಅದೇ ಬುಟ್ಟಿ, ಇಲ್ಲಿ ಮೂರೇ ದಿನಕ್ಕೆ ಸುಸ್ತಾಗಿ ಮಲಗಿತ್ತು.

"ಲೀಲಾ, ಈ ರೊಟ್ಟಿಗೆ ಏನಾಗೇದವಾ? ಜೀವಾ ಹೋದಂಗ ಆಗೇದ ನೋಡು," ಎಂದಳು ಆಯಿ.

ಆಯಿ ನನ್ನ ಅಪ್ಪನ ತಾಯಿ. ಹೆತ್ತವರು ಹೋದಮೇಲೆ ನನ್ನನ್ನು ಸಾಕಿದವಳು ಅವಳೇ. ಅಂಚೆ ಇಲಾಖೆಯಲ್ಲಿ ನನಗೆ ಕೆಲಸ ಸಿಕ್ಕಿ, ಕುಂದಾಪುರದ ಒಳನಾಡಿನ ಈ ಕಾಡಂಚಿನ ಊರಿಗೆ ಹಾಕಿದಾಗ "ನಾನೂ ಬರ್ತೀನಿ" ಎಂದು ಹೊರಟವಳು. ಹೊರಡುವ ವಾರವಿಡೀ ಒಲೆಯ ಮುಂದೆ ಕೂತು ಇನ್ನೂರು ರೊಟ್ಟಿ ಬಡಿದು ಒಣಗಿಸಿದ್ದಳು. ಹೊಸ ಊರಿನಲ್ಲಿ ಏನು ಸಿಗುತ್ತದೋ ಏನು ಇಲ್ಲವೋ, ರೊಟ್ಟಿ ಇದ್ದರೆ ಎರಡು ತಿಂಗಳ ಚಿಂತೆ ಇಲ್ಲ ಎಂಬುದು ಅವಳ ಲೆಕ್ಕಾಚಾರ. ಲೆಕ್ಕಾಚಾರದಲ್ಲಿ ಎಲ್ಲವೂ ಸರಿಯಿತ್ತು, ಇಲ್ಲಿನ ಗಾಳಿಯೊಂದನ್ನು ಬಿಟ್ಟು.

ಇಲ್ಲಿನ ಗಾಳಿಯ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಡೋಣಿ ಹೊಳೆಯ ಸಾಲಿನ ಗಾಳಿ ಮೈಮೇಲಿನ ನೀರನ್ನು ಕುಡಿಯುತ್ತದೆ. ಇಲ್ಲಿನ ಗಾಳಿ ಮೈಗೆ ನೀರು ಕುಡಿಸುತ್ತದೆ. ಜೂನ್ ತಿಂಗಳಲ್ಲಿ ಹೊದಿಕೆ, ಉಪ್ಪು, ಬೆಂಕಿಕಡ್ಡಿ, ಅಂಚೆ ಕಚೇರಿಯ ಲಕೋಟೆಗಳು ಎಲ್ಲವೂ ಬೆವರುತ್ತವೆ. ಲಕೋಟೆಗಳು ತಮ್ಮಷ್ಟಕ್ಕೆ ಅಂಟಿಕೊಳ್ಳುತ್ತವೆ. ಕಚೇರಿಯ ಕಿಟಕಿಯ ಬಳಿ ಕೂತು ಹೊರಗಿನ ಹಸಿರನ್ನು ನೋಡುತ್ತಿದ್ದರೆ ನಾನೂ ಕುರ್ಚಿಗೆ ಹಾಗೇ ಅಂಟಿಕೊಂಡು ಬಿಡುತ್ತೇನೋ ಅನ್ನಿಸುತ್ತಿತ್ತು. ಮಧ್ಯಾಹ್ನ ಯಾವುದು, ಸಂಜೆ ಯಾವುದು ತಿಳಿಯದ ಒಂದು ಮಂಕು ಬೆಳಕು. ಆ ಬೆಳಕಿನಲ್ಲಿ ನಾನು ಎಚ್ಚರವಿದ್ದುಕೊಂಡೇ ಕನಸು ಕಾಣುತ್ತಿದ್ದೆ. ಕನಸಿನಲ್ಲಿ ಬರುತ್ತಿದ್ದುದು ಊರಲ್ಲ, ಮನುಷ್ಯರಲ್ಲ. ಬಿಸಿ ಹಂಚಿಗೆ ಜೋಳದ ಹಿಟ್ಟು ತಾಗಿದಾಗ ಬರುವ ವಾಸನೆ.

ಮನೆಗಳೂ ಬೇರೆ. ನಮ್ಮಲ್ಲಿ ಗೋಡೆಗೆ ಗೋಡೆ ತಾಗಿ ಓಣಿ ಇರುತ್ತದೆ. ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತಾರೆ. ಇಲ್ಲಿ ಓಣಿ ಎಂಬುದೇ ಇಲ್ಲ. ಒಂದು ಮನೆ ಗುಡ್ಡದ ಬದಿಗೆ, ಇನ್ನೊಂದು ಗದ್ದೆಯ ಆಚೆ, ಮಗದೊಂದು ಮರಗಳ ಹಿಂದೆ. ವಿಳಾಸದಲ್ಲಿ ಮನೆಯ ಹೆಸರೊಂದಿರುತ್ತದೆ, ಹುಡುಕಿಕೊಂಡು ಹೋಗುವುದು ನಮ್ಮ ಹಣೆಬರಹ. ನಾವು ಬಾಡಿಗೆಗಿದ್ದ ಎರಡು ಕೋಣೆ ಜಲಜಕ್ಕನ ಮನೆಯ ಅಂಗಳದಲ್ಲಿದ್ದವು. ಜಲಜಕ್ಕನದು ಬೇಸಾಯದ ಮನೆ. ಗಂಡ ಸೀನಣ್ಣ ಬಹಳ ವರ್ಷ ಮುಂಬಯಿಯ ಹೋಟೆಲಿನಲ್ಲಿ ದುಡಿದು ಬಂದವರು. ಈಗಲೂ ಸಿಟ್ಟು ಬಂದರೆ ಹಿಂದಿಯಲ್ಲಿ ಬೈಯುತ್ತಾರೆ.

ನಾವು ಬಂದ ಸಂಜೆಯೇ ಜಲಜಕ್ಕ ಒಂದು ಬಟ್ಟಲು ತುಂಬ ಬಿಸಿ ಗೋಲಿಬಜೆ ತಂದಿಟ್ಟಿದ್ದರು. ಮೈದಾ ಮತ್ತು ಮಜ್ಜಿಗೆಯ ಹಿಟ್ಟನ್ನು ಎಣ್ಣೆಗೆ ಬಿಟ್ಟು ಕರಿದ, ಒಳಗೆ ಹತ್ತಿಯಂತಿರುವ ಉಂಡೆಗಳು. ಆಯಿ ಒಂದು ತಿಂದು, ಬಟ್ಟಲು ತೊಳೆದು, ಅದರಲ್ಲಿ ಒಂದು ಹಿಡಿ ಶೇಂಗಾ ಚಟ್ನಿಪುಡಿ ಹಾಕಿ ನನ್ನ ಕೈಯಲ್ಲಿ ಕೊಟ್ಟಳು. "ಮಂದಿ ಪಾತ್ರಿ ಖಾಲಿ ಕೊಡಬಾರದು." ನಾಲ್ಕು ದಿನದಲ್ಲಿ ಅದೇ ಬಟ್ಟಲು ಮಿಡಿ ಉಪ್ಪಿನಕಾಯಿ ತುಂಬಿಕೊಂಡು ವಾಪಸ್ ಬಂತು. ಈ ಒಂದು ವಿಷಯದಲ್ಲಿ ಎರಡೂ ಊರಿನ ಹೆಂಗಸರಿಗೆ ಒಂದೇ ಬುದ್ಧಿ.

ಆದರೆ ವಾರ ಕಳೆಯುವಷ್ಟರಲ್ಲಿ ರೊಟ್ಟಿಗಳ ಮೇಲೆ ಬಿಳಿ ಬೂಷ್ಟು ಎದ್ದಿತು. ಆಯಿ ಅವನ್ನು ಎಸೆಯಲು ಬಿಡಲಿಲ್ಲ. ಒಂದೊಂದನ್ನೇ ಸೆರಗಿನಿಂದ ಒರೆಸಿ ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದಳು. ಮರುದಿನ ಬೂಷ್ಟು ಹಸಿರಾಗಿತ್ತು. ಕೊನೆಗೆ ನಾನೇ ಅವಳು ಸ್ನಾನಕ್ಕೆ ಹೋದಾಗ ಎಲ್ಲವನ್ನೂ ತೆಂಗಿನ ಬುಡಕ್ಕೆ ಹಾಕಿ ಬಂದೆ. ಹೊರಗೆ ಬಂದವಳು ಖಾಲಿ ಗೋಡೆ ನೋಡಿದಳು, ಖಾಲಿ ಬುಟ್ಟಿಯನ್ನು ಮೂಲೆಗೆ ಬೋರಲು ಹಾಕಿದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಲ್ಲಿಂದ ಆಯಿ ಊಟ ಬಿಟ್ಟಳು. ಜಗಳವಾಡಿ ಬಿಟ್ಟಿದ್ದಲ್ಲ, ಮೆಲ್ಲಗೆ ಬಿಟ್ಟಳು. ಇಲ್ಲಿಯವರ ಊಟ ಕುಚ್ಚಲಕ್ಕಿ, ಅಂದರೆ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಕೆಂಪು ದಪ್ಪ ಅಕ್ಕಿ. ಬೆಳಿಗ್ಗೆ ಅದರ ಗಂಜಿ, ಮಧ್ಯಾಹ್ನ ಅನ್ನ. ಒಂದೊಂದು ಅಗುಳೂ ತನ್ನ ಪಾಡಿಗೆ ತಾನಿರುತ್ತದೆ. ಆಯಿ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದು, "ಹಸಿವಿಲ್ಲವಾ," ಎಂದು ತಟ್ಟೆ ಸರಿಸುತ್ತಿದ್ದಳು. ನಾನು ಶನಿವಾರ ಕುಂದಾಪುರದ ಸಂತೆಗೆ ಹೋಗಿ ಜೋಳ ಹುಡುಕಿದೆ. ತರಬೇತಿಗೆಂದು ಬ್ರಹ್ಮಾವರಕ್ಕೆ ಹೋದಾಗ ಅಲ್ಲಿಯೂ ಕೇಳಿದೆ. ಕಡೆಗೆ ಬೈಂದೂರಿನ ಒಂದು ಅಂಗಡಿಯಲ್ಲಿ ಜೋಳದ ಹಿಟ್ಟಿನ ಎರಡು ಪೊಟ್ಟಣ ಸಿಕ್ಕವು. ಬಸ್ಸಿನಲ್ಲಿ ಅವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಹಳೆಯ ಹಿಟ್ಟಿಗೆ ಜಿಗುಟು ಇರುವುದಿಲ್ಲ, ನಿಮಗೆ ಗೊತ್ತೇ ಇದೆ. ಆಯಿ ಬಡಿಯಲು ಕೈ ಎತ್ತಿದಳು. ಎರಡನೆಯ ಪೆಟ್ಟಿಗೆ ಹಿಟ್ಟು ಬಿರಿದು ಚೂರಾಯಿತು. ಮತ್ತೆ ನಾದಿದಳು, ಮತ್ತೆ ಬಿರಿಯಿತು. ಹಿಟ್ಟಿನ ಕೈ ತೊಳೆದುಕೊಂಡು ಬಂದು ಹೇಳಿದಳು:

"ನನ್ನ ಊರಿಗೆ ಕಳಸಿಬಿಡವಾ ಲೀಲಾ."

ಊರಿನಲ್ಲಿ ಅಪ್ಪನ ತಮ್ಮ ಕಾಕಾ ಇದ್ದಾರೆ, ಅವರ ಹೆಂಡತಿ ಕಾಕು ಇದ್ದಾಳೆ, ಮನೆ ತುಂಬ ಮಂದಿ. ಆಯಿಯನ್ನು ನೋಡಿಕೊಳ್ಳುವವರಿಲ್ಲ ಎಂದಲ್ಲ. ಆದರೆ ಅವಳಿಲ್ಲದೆ ನಾನು ಈ ಹಸಿರಿನ ನಡುವೆ ಒಬ್ಬಳೇ ಇರಬಲ್ಲೆ ಎಂಬ ಧೈರ್ಯ ನನಗಿರಲಿಲ್ಲ. ಅವಳು ಹೋದರೆ ಕೆಲಸ ಬಿಟ್ಟು ನಾನೂ ಹೊರಡುವವಳೇ. ಹುಟ್ಟಿದಾಗಿನಿಂದ ನನ್ನದೆಂದು ಸಿಕ್ಕಿದ್ದು ಇದೊಂದು ಕೆಲಸ. ಫೋನಿನಲ್ಲಿ ಕಾಕಾ ಒಂದು ಮಧ್ಯದ ದಾರಿ ಹೇಳಿದರು: "ಎಳ್ಳಮಾಸಿಗೆ ಇಬ್ಬರೂ ಬರ್ರಿ. ಅವ್ವ ಇಲ್ಲೇ ಉಳೀಲಿ. ಅಲ್ಲೀತನಕ ಹೆಂಗರ ಮಾಡಿ ಉಣಸು." ಎಳ್ಳು ಅಮಾವಾಸ್ಯೆಗೆ ಇನ್ನೂ ಐದು ತಿಂಗಳಿತ್ತು. ಚಹಾ ಮತ್ತು ಬಾಳೆಹಣ್ಣಿನಲ್ಲಿ ಐದು ತಿಂಗಳು ಯಾರು ಬದುಕುತ್ತಾರೆ? ಆಯಿಯ ಬಳೆಗಳು ಮೊಣಕೈವರೆಗೆ ಜಾರತೊಡಗಿದ್ದವು. ನನಗೆ ನಿಜವಾಗಿಯೂ ಭಯವಾಗಿತ್ತು.

ಒಂದು ಭಾನುವಾರ ಜಲಜಕ್ಕನ ಮನೆಗೆ ನೆಂಟರು ಬಂದಿದ್ದರು. ಕೋಳಿಸಾರಿನ ಪರಿಮಳ ಅಂಗಳದ ತುಂಬ. ಮೀನು ಮಾಂಸ ಮುಟ್ಟದ ಆಯಿ ನಮ್ಮ ಬಾಗಿಲು ಮುಂದೆ ಮಾಡಿ ಗೋಡೆಗೆ ಒರಗಿ ಕಣ್ಣುಮುಚ್ಚಿ ಕೂತಿದ್ದಳು. ಇದ್ದಕ್ಕಿದ್ದಂತೆ ಕಣ್ಣು ತೆರೆದಳು.

"ಯಾರೋ ರೊಟ್ಟಿ ಮುರ್ಯಾಕತ್ತಾರ."

ನಾನು ಏನೂ ಕೇಳಿಸಿಕೊಂಡಿರಲಿಲ್ಲ. ಪಾಪ, ಹಸಿವಿಗೆ ಭ್ರಮೆ ಬಂದಿದೆ ಎಂದುಕೊಂಡೆ. ಆಗ ನನಗೂ ಕೇಳಿತು. ಕರುಂ, ಕರುಂ. ಒಬ್ಬರಲ್ಲ, ಐದಾರು ಜನ ಒಟ್ಟಿಗೆ ಮುರಿಯುತ್ತಿದ್ದ ಸದ್ದು. ನಮ್ಮೂರಿನ ಹಬ್ಬದ ಪಂಕ್ತಿಯ ಸದ್ದು. ಆಯಿ ಎದ್ದು ನಿಂತಳು. ಕೋಳಿಯ ವಾಸನೆಯನ್ನು ಲೆಕ್ಕಿಸದೆ ಅಂಗಳ ದಾಟಿ ಜಲಜಕ್ಕನ ಅಡುಗೆಮನೆಯ ಬಾಗಿಲಿಗೆ ಹೋದಳು. ನಾನು ಹಿಂದೆ ಓಡಿದೆ.

ಒಳಗೆ ಎಲ್ಲರ ತಟ್ಟೆಯಲ್ಲೂ ಬೆಳ್ಳಗಿನ ತೆಳು ರೊಟ್ಟಿ ಇತ್ತು. ಅಕ್ಕಿಯದು. ಒಣಗಿಸಿ ಗರಿಗರಿ ಮಾಡಿದ್ದು. ಇಲ್ಲಿಯವರು ಅದನ್ನು ಮುರಿದು ಹಾಕಿ, ಮೇಲೆ ಕೋಳಿಸಾರು ಸುರಿದು, ನೆನೆಸಿ ಉಣ್ಣುತ್ತಾರೆ. ಬಾಗಿಲಲ್ಲಿ ಆಯಿಯನ್ನು ಕಂಡ ಜಲಜಕ್ಕನಿಗೆ ಗಾಬರಿಯಾಯಿತು.

"ಹ್ವಾಯ್ ಅಜ್ಜಿ, ಎಂತ ಆಯ್ತ್? ಬನಿ, ಕೂಕಣಿ. ಅಲ್ಲ, ಇಲ್ಲ್ ಬ್ಯಾಡ, ಕೋಳಿ ಇತ್ತ್. ಹೊರ್ಗ್ ಕೂಕಣಿ, ನಾ ಬತ್ತೆ."

ಕೈ ತೊಳೆದು ಬಂದರು. ಹೊಸ ತಟ್ಟೆಯಲ್ಲಿ ಎರಡು ರೊಟ್ಟಿ ಇಟ್ಟು, ಬೇರೆ ಪಾತ್ರೆಯಲ್ಲಿ ತೆಂಗಿನಕಾಯಿ ಹಾಲು ಹಿಂಡಿ, ಬೆಲ್ಲ ಕದಡಿ ತಂದರು. "ಇದ್ ಬರೀ ಕಾಯಿಹಾಲ್ ಅಜ್ಜಿ. ಹೆದ್ರ್‌ಬ್ಯಾಡಿ, ತಿನ್ನಿ."

ಆಯಿ ತಿನ್ನಲಿಲ್ಲ. ಮೊದಲು ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದಳು. ಆ ಸದ್ದು ಕೇಳಿದಾಗ ಅವಳ ಮುಖದಲ್ಲಿ ಏನಾಯಿತೋ ಅದನ್ನು ಬರೆಯಲು ನನಗೆ ಬರುವುದಿಲ್ಲ. ಆಮೇಲೆ ಜಲಜಕ್ಕನನ್ನು ಒಂದು ಪ್ರಶ್ನೆ ಕೇಳಿದಳು. ತಿಂಗಳಿಂದ ಹೊರಗಿನವರ ಜೊತೆ ಆಡಿದ ಮೊದಲ ಮಾತು ಅದು.

"ಈ ಹಸೀ ಹವಾದಾಗ ಇದು ಕಡಕ್ ಹೆಂಗ ಉಳೀತು?"

ಹಸಿದವಳ ಪ್ರಶ್ನೆಯಲ್ಲ ಅದು, ಕಸುಬಿನವಳ ಪ್ರಶ್ನೆ. ಜಲಜಕ್ಕನಿಗೆ ನಮ್ಮ ರೊಟ್ಟಿಗಳ ಕತೆ ನಾನು ಹೇಳಿದೆ. ಅವರು ಹಣೆ ಚಚ್ಚಿಕೊಂಡರು.

"ಅಯ್ಯೋ ಮಾರ್ರೆ, ಬುಟ್ಟಿಯಗೆ ಇಟ್ರ್ಯಾ? ಈ ಮಳ್ಗಾಲ್ದಗೆ ಗಾಳಿಗ್ ಇಟ್ರೆ ಒಳಿತ್ತಾ? ನಮ್ಮಲ್ಲ್ ಹಪ್ಳ, ರೊಟ್ಟಿ ಎಲ್ಲ ಡಬ್ಬಿಯಗೇ ಇಡುದ್. ಒಲಿ ಬುಡ್ದಗೆ ಸಮಾ ಒಣ್ಸುದ್, ಡಬ್ಬಿಗ್ ಹಾಕುದ್, ಮುಚ್ಚಳ ಒತ್ತುದ್. ಅಷ್ಟೇ."

ಮಾತಿನ ವೇಗಕ್ಕೆ ಆಯಿಗೆ ಅರ್ಧ ಅರ್ಥವಾಗಿರಲಿಕ್ಕಿಲ್ಲ. ಆದರೆ ಜಲಜಕ್ಕ ಒಳಗಿನಿಂದ ತಂದು ತೋರಿಸಿದ ಡಬ್ಬಿ ಪೂರ್ತಿ ಅರ್ಥವಾಯಿತು. ದುಂಡಗಿನ, ಅಗಲ ಬಾಯಿಯ ತಗಡಿನ ಡಬ್ಬಿ. ಮುಂಬಯಿಯ ಹೋಟೆಲಿನಲ್ಲಿ ಫರಸಾಣ, ಅಂದರೆ ಸೇವು ಮುಂತಾದ ಕುರುಕಲು, ತುಂಬಿಡುತ್ತಿದ್ದದ್ದನ್ನು ಸೀನಣ್ಣ ಊರಿಗೆ ತಂದಿದ್ದರು. ತಳದಲ್ಲಿ ಹುರಿದ ಅಕ್ಕಿಯ ಸಣ್ಣ ಗಂಟು. ತೇವವೇನಾದರೂ ಇದ್ದರೆ ಅದು ಎಳೆದುಕೊಳ್ಳುತ್ತದೆ. ಆಯಿ ಆ ಮುಚ್ಚಳವನ್ನು ನಾಲ್ಕೈದು ಸಲ ತೆಗೆದಳು, ಹಾಕಿದಳು, ಸುತ್ತಲೂ ಬೆರಳಾಡಿಸಿದಳು. ಆಮೇಲೆ ಅಲ್ಲೇ ಕೂತು, ಬೆಲ್ಲದ ಕಾಯಿಹಾಲಿನಲ್ಲಿ ಅದ್ದಿ, ಎರಡೂ ರೊಟ್ಟಿ ತಿಂದಳು. ನಾನು ತೆಂಗಿನ ಮರದ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ಆಮೇಲಿನ ದಿನಗಳು ನನ್ನ ನೆನಪಿನಲ್ಲಿ ಒಂದರೊಳಗೊಂದು ಕರಗಿವೆ. ಕಾಕಾ ಪಾರ್ಸೆಲಿನಲ್ಲಿ ಬಿಳಿಜೋಳ ಕಳಿಸಿದರು. ನನ್ನ ಕಚೇರಿಗೆ ಬಂದ ಪಾರ್ಸೆಲನ್ನು ನಾನೇ ಬರೆದುಕೊಂಡು, ನಾನೇ ಸಹಿ ಹಾಕಿ, ನಾನೇ ಹೊತ್ತೆ. ಜಲಜಕ್ಕನ ಹಿತ್ತಲಲ್ಲಿ ಮಗುಚಿ ಬಿದ್ದಿದ್ದ ಬೀಸುವ ಕಲ್ಲು ಮತ್ತೆ ಒಳಗೆ ಬಂತು. ಒಂದು ಬೆಳಿಗ್ಗೆ ಆಯಿ ಅವರ ಕಟ್ಟಿಗೆ ಒಲೆಯ ಮುಂದೆ ಕೂತು ಹಿಟ್ಟು ಬಡಿಯತೊಡಗಿದಳು. ಪಟ್ ಪಟ್ ಸದ್ದಿಗೆ ಸೀನಣ್ಣ ಹಲ್ಲುಜ್ಜುವುದನ್ನು ನಿಲ್ಲಿಸಿ ಓಡಿ ಬಂದರು.

"ಯಾರಿಗ್ ಹೊಡೂದ್ ಮಾರ್ರೆ?"

"ನಿಮ್ಗೆ ಹೊಡಿಲಿಕ್ಕೆ ಕಲಿತಿದ್ದೆ, ಕೂಕಣಿ," ಎಂದರು ಜಲಜಕ್ಕ, ತಾವೂ ಒಂದು ಉಂಡೆ ಹಿಡಿದುಕೊಂಡು. ಅವರು ಬಡಿದ ರೊಟ್ಟಿ ಭೂಪಟದ ಹಾಗಿತ್ತು. ಆಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಬಿಸಿ ರೊಟ್ಟಿಯನ್ನು ಎಲ್ಲರೂ ಜಲಜಕ್ಕನ ಹುರುಳಿ ಸಾರಿಗೆ ಅದ್ದಿ ತಿಂದೆವು. ಹುರುಳಿಯನ್ನು ದಿನವಿಡೀ ಕುದಿಸಿ ಇಳಿಸಿದ, ಕಪ್ಪಗಿನ, ಗಂಟಲು ಬೆಚ್ಚಗಾಗುವ ಸಾರು. ಜೋಳಕ್ಕೂ ಅದಕ್ಕೂ ಹಳೆಯ ಸಂಬಂಧವಿದ್ದಂತಿತ್ತು.

ಕುಚ್ಚಲಕ್ಕಿಗೂ ಒಂದು ದಿನ ಬಂತು. ಗಂಜಿಗೆ ಒಂದು ಚೂರು ಕಡಕ್ ರೊಟ್ಟಿ ಮುರಿದು ಹಾಕಿ, ಉಪ್ಪು ಉದುರಿಸಿ, ಮಿಡಿ ಉಪ್ಪಿನಕಾಯಿ ನಂಜಿಕೊಂಡು ಆಯಿ ಸುರ್ರೆಂದು ಕುಡಿದಳು. "ಇದು ನಮ್ಮ ಅಂಬಲಿ ತಂಗಿ," ಎಂದು ತೀರ್ಪು ಕೊಟ್ಟಳು. ಅಷ್ಟು ದಿನ ಶತ್ರುವಾಗಿದ್ದ ಗಂಜಿ ಅಂದಿನಿಂದ ನೆಂಟರ ಪೈಕಿಯಾಯಿತು. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬನ್ನೂ ತಿಂದಳು. ಬಳೆಗಳು ಮೆಲ್ಲಗೆ ಮಣಿಕಟ್ಟಿಗೆ ಮರಳಿದವು.

ಆದರೂ ಆಯಿ ಊರಲ್ಲೇ ಉಳಿಯಲಿ ಎಂಬ ಕಾಕಾನ ಮಾತು ಹಾಗೇ ಇತ್ತು. ಆಯಿ ಅದನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎಳ್ಳಮಾಸಿಗೆ ಹೊರಟ ದಿನ ಅವಳು ತನ್ನ ಸೀರೆಗಳನ್ನೆಲ್ಲ ಗಂಟು ಕಟ್ಟಿದಳು, ಒಂದನ್ನೂ ಬಿಡಲಿಲ್ಲ. ನಾನು ಆ ಗಂಟನ್ನು ನೋಡಿಯೂ ನೋಡದಂತಿದ್ದೆ. ಜಲಜಕ್ಕ ಡಬ್ಬಿ ತುಂಬ ಹಲಸಿನ ಹಪ್ಪಳ ಹಾಕಿ ತಂದರು.

"ಡಬ್ಬಿ ತಕಂಡ್ ಹೋಯ್ನಿ ಅಜ್ಜಿ. ವಾಪಾಸ್ ಬಪ್ಪತಿಗೆ ತಂದ್ರ್ ಸೈ." ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದರು, "ಅಜ್ಜಿ ಬತ್ತ್ರ್ ಅಲ್ದಾ ಮಗಾ?"

ನಾನು ಆಯಿಯ ಸೀರೆಯ ಗಂಟನ್ನು ಎತ್ತಿ ಬಗಲಿಗಿಟ್ಟುಕೊಂಡೆ.

ಊರಿನಲ್ಲಿ ಇಳಿದಾಗ ಆ ಒಣ ಗಾಳಿ ಮುಖಕ್ಕೆ ತಾಗಿತು. ಎಷ್ಟು ತಿಂಗಳ ಕನಸು! ಆದರೆ ಎರಡನೆಯ ದಿನವೇ ನನ್ನ ತುಟಿ ಒಡೆಯಿತು. ಕಾಕಾ ಆಯಿಗೆ ಮಲಗಲು ಪಡಸಾಲೆಯಲ್ಲಿ ಹೊಸ ಹೊರಸು ಹಾಕಿಸಿದ್ದರು. ಹೊಲದಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯದ ಊಟ ಆಯಿತು. ಹಪ್ಪಳ ಕ್ಷಣದಲ್ಲಿ ಖಾಲಿ. ಹಬ್ಬ ಮುಗಿದ ಸಂಜೆ ಆಯಿ ಇಪ್ಪತ್ತು ಜೋಳದ ರೊಟ್ಟಿ ಮಾಡಿದಳು. ಓಣಿಯ ಹೆಂಗಸರು ನೋಡುತ್ತ ಕೂತಿದ್ದರು. ಅವಳ ರೊಟ್ಟಿಯೆಂದರೆ ಓಣಿಗೆಲ್ಲ ಮಾದರಿ.

ಮೂರು ದಿನದ ನಂತರ ಕಾಕು ರೊಟ್ಟಿ ಬೇಕೆಂದು ಹುಡುಕಿದಳು. ಬುಟ್ಟಿಯಲ್ಲಿರಲಿಲ್ಲ. ಹೊರಸಿನ ಕೆಳಗಿದ್ದ ಜಲಜಕ್ಕನ ಡಬ್ಬಿಯ ಮುಚ್ಚಳ ತೆಗೆದರೆ ಬಿಳಿ ಬೂಷ್ಟು. ಆ ಒಣ ಊರಿನಲ್ಲಿ, ಚಳಿಗಾಲದಲ್ಲಿ, ಆಯಿಯ ಕೈಯ ರೊಟ್ಟಿಗೆ ಬೂಷ್ಟು!

"ರೊಟ್ಟಿ ಯಾರರ ಡಬ್ಬ್ಯಾಗ ಮುಚ್ಚಿಡ್ತಾರೇನತ್ತಿ?" ಎಂದಳು ಕಾಕು. ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದಳು.

ಆಯಿ ಡಬ್ಬಿಯಿಂದ ಒಂದು ರೊಟ್ಟಿ ತೆಗೆದು ಬೆಳಕಿಗೆ ಹಿಡಿದಳು. ಏನಾಗಿದೆ ಎಂದು ನನಗೆ ಆಗಲೇ ಹೊಳೆದಿತ್ತು. ರೊಟ್ಟಿಯನ್ನು ಅವಳು ನಮ್ಮೂರಿನ ಪದ್ಧತಿಯಲ್ಲಿ ಮಾಡಿದ್ದಳು. ಉಳಿದ ಹಸಿಯನ್ನು ಗಾಳಿ ಕುಡಿಯುತ್ತದೆ ಎಂದು ಒಲೆಯ ಬುಡದಲ್ಲಿ ಒಣಗಿಸಿರಲಿಲ್ಲ. ಎತ್ತಿಟ್ಟದ್ದು ಮಾತ್ರ ಕೆರಾಡಿಯ ಪದ್ಧತಿಯಲ್ಲಿ, ಮುಚ್ಚಳ ಒತ್ತಿಬಿಟ್ಟಿದ್ದಳು. ಅರ್ಧ ಈ ಊರು, ಅರ್ಧ ಆ ಊರು. ಅರವತ್ತು ವರ್ಷ ರೊಟ್ಟಿ ಬಡಿದ ಕೈ ಮೊದಲ ಸಲ ತಪ್ಪಿತ್ತು, ಅದೂ ತನ್ನದೇ ಮನೆಯಲ್ಲಿ.

"ನನ್ನ ಕೈಗೆ ಏನಾತವಾ ಲೀಲಾ," ಎಂದಳು ಸಣ್ಣ ದನಿಯಲ್ಲಿ. ನಾನು ಆ ಕೈ ಹಿಡಿದುಕೊಂಡು ಕೂತೆ. ನನಗೂ ಹಾಗೇ ಆಗಿದೆ ಆಯಿ, ಎನ್ನಬೇಕೆನಿಸಿತು. ಅಲ್ಲಿದ್ದಾಗ ಜೋಳದ ಹಿಟ್ಟಿನ ವಾಸನೆಯ ಕನಸು, ಇಲ್ಲಿ ಬಂದಮೇಲೆ ಬೆಳಗಿನ ಜಾವ ಗಂಜಿಯ ಬಿಸಿ ಆವಿಯ ಕನಸು.

ನಾನು ಹೊರಡುವ ಹಿಂದಿನ ದಿನ ಅವಳು ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದಳು. ಹೊಸದಾಗಿ ರೊಟ್ಟಿ ಬಡಿದಳು. ಕಾಕಾ ಯಾರಿಗೆ ಎಂದು ಕೇಳಿದರು.

"ಜಲಜಾಗ. ಮಂದಿ ಡಬ್ಬಿ ಖಾಲಿ ಕೊಡಬಾರದು."

"ಹಂಗಾರ ಲೀಲಾ ಒಯ್ತಾಳ. ನೀ ಇಲ್ಲೇ ಇರು."

ಆಯಿ ರೊಟ್ಟಿಯನ್ನು ಹಂಚಿನ ಮೇಲೆ ಮಗುಚಿದಳು. ತಲೆ ಎತ್ತಲಿಲ್ಲ.

"ಆಕಿ ಒಯ್ದರ ಮುಚ್ಚಳ ಯಾವಾಗ ಹಾಕಬೇಕಂತ ಆಕಿಗೆ ತಿಳಿಯಂಗಿಲ್ಲ."

ಕಾಕಾ ನನ್ನ ಮುಖ ನೋಡಿದರು. ನಾನು ಒಲೆಯ ಬೆಂಕಿ ನೋಡಿದೆ. ಹೊರಸನ್ನು ಏನು ಮಾಡಲಿ ಎಂದು ಕಾಕು ಕೇಳಿದಾಗ ಆಯಿ, "ಇರಲಿ, ತಗೀಬ್ಯಾಡ. ಬ್ಯಾಸಗ್ಯಾಗ ಬರ್ತೀನಲ್ಲ," ಎಂದಳು.

ಶಿವಮೊಗ್ಗದಲ್ಲಿ ಬೆಳಿಗ್ಗೆ ಬಸ್ಸು ಬದಲಿಸಿದೆವು. ಆಯಿ ಕಿಟಕಿಯ ಬಳಿ, ತೊಡೆಯ ಮೇಲೆ ಡಬ್ಬಿ, ಮುಚ್ಚಳ ವಾರೆ. "ಇಲ್ಲೀತನಕ ನಮ್ಮ ಗಾಳಿನ ಅದ, ಆಡಲಿ," ಎಂದಳು. ಹೊಸನಗರ ದಾಟಿತು. ಮರಗಳು ಹತ್ತಿರ ಬಂದವು, ಬೆಳಕು ಹಸಿರಾಯಿತು, ನನಗೆ ಜೊಂಪು ಹತ್ತಿತು. ಬಸ್ಸು ಘಾಟಿಯ ಮೊದಲ ತಿರುವಿಗೆ ವಾಲಿದಾಗ ಕಿಟಕಿಯಿಂದ ಮಂಜು ಒಳಗೆ ಬಂದು ನನ್ನ ಒಡೆದ ತುಟಿಗೆ ತಾಗಿತು. ಎಚ್ಚರವಾಗಿ ಪಕ್ಕಕ್ಕೆ ನೋಡಿದೆ. ಆಯಿ ಮೂಗೆತ್ತಿ ಗಾಳಿಯನ್ನು ಒಮ್ಮೆ ಮೂಸಿದಳು. ಮುಚ್ಚಳವನ್ನು ಸರಿಯಾಗಿ ಕೂರಿಸಿ, ಎರಡೂ ಅಂಗೈಯಿಂದ ಸುತ್ತಲೂ ಗಟ್ಟಿಯಾಗಿ ಒತ್ತಿದಳು.